ಮೆದುಳಿನ ಲಿಂಫೋಮಾ ಅನುಮಾನವಿದ್ದಾಗ ಸ್ಟೀರಾಯ್ಡ್ ಯಾಕೆ ತಡೆಹಿಡಿಯುತ್ತಾರೆ?

ಅಪ್ಪನ ಎಂಆರ್‌ಐ ನೋಡಿ ಮೆದುಳಿನ ಲಿಂಫೋಮಾ ಇರಬಹುದು ಅಂದಿದ್ದಾರೆ, ಆದರೆ ಸ್ಟೀರಾಯ್ಡ್ ಕೊಡುತ್ತಿಲ್ಲ, ಗೆಡ್ಡೆಯನ್ನೂ ತೆಗೆಯುವುದಿಲ್ಲವಂತೆ, ಬರೀ ಬಯಾಪ್ಸಿ ಅಂತಾರೆ, ಇದು ಸುಮ್ನೆ ಕಾಲಹರಣ ಅಲ್ವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ನಾನು ಪೆಥಾಲಜಿ ಡಾಕ್ಟರ್, ಇಂಥ ಬಯಾಪ್ಸಿ ನೋಡುವುದೇ ನನ್ನ ಕೆಲಸ.

ಲಿಂಫೋಮಾ ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್. ಡೆಕ್ಸಾಮೆಥಾಸೋನ್ ಥರದ ಸ್ಟೀರಾಯ್ಡ್ ಕೊಟ್ಟರೆ ಈ ಕಣಗಳು ಬೇಗ ಸಾಯುತ್ತವೆ. ಒಮ್ಮೊಮ್ಮೆ ಕೆಲವೇ ದಿನಗಳಲ್ಲಿ ಗೆಡ್ಡೆ ಸ್ಕ್ಯಾನ್‌ನಲ್ಲಿ ಕಾಣದಷ್ಟು ಕರಗಿಬಿಡುತ್ತದೆ. ಮನೆಯವರಿಗೆ ಜೀವ ಬಂದ ಹಾಗಾಗುತ್ತದೆ, ಆದರೆ ಕಾಯಿಲೆ ವಾಸಿಯಾಗಿರುವುದಿಲ್ಲ, ಮತ್ತೆ ಬರುತ್ತದೆ. ಆ ಹೊತ್ತಿನಲ್ಲಿ ತೆಗೆದ ಬಯಾಪ್ಸಿಯಲ್ಲಿ ನಮಗೆ ಎಷ್ಟೋ ಸಲ ಸಿಗುವುದು ಸತ್ತ ಕಣಗಳು, ಅವನ್ನು ಗುಡಿಸಲು ಬಂದ ಮ್ಯಾಕ್ರೋಫೇಜ್‌ಗಳು, ಅಷ್ಟೇ. ಕಾಯಿಲೆಯ ಹೆಸರು ಬರೆಯಲು ಆಗುವುದಿಲ್ಲ. ಸ್ಟೀರಾಯ್ಡ್ ಮುಟ್ಟದ ಚೂರಾದರೆ, ಅಕ್ಕಿಕಾಳಿನಷ್ಟೇ ಇದ್ದರೂ ಸಾಕು: ಸಣ್ಣ ರಕ್ತನಾಳಗಳ ಸುತ್ತ ದೊಡ್ಡ ದೊಡ್ಡ ಕಣಗಳು ಮುತ್ತಿಕೊಂಡಿರುವುದು ಕಾಣುತ್ತದೆ, ಲಿಂಫೋಮಾ ಕಣಗಳನ್ನು ಗುರುತಿಸುವ ಸಿಡಿ20 ಅನ್ನೋ ಬಣ್ಣದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಅವೆಲ್ಲ ಕಂದು ಬಣ್ಣಕ್ಕೆ ತಿರುಗುತ್ತವೆ. ಆಗ ಧೈರ್ಯವಾಗಿ ರಿಪೋರ್ಟ್ ಕೊಡಬಹುದು.

ಹಾಗಂತ ಜೀವಕ್ಕೆ ಅಪಾಯ ಆಗುವಷ್ಟು ಮೆದುಳು ಊದಿಕೊಂಡರೆ ಯಾರೂ ಕಾಯುವುದಿಲ್ಲ, ಸ್ಟೀರಾಯ್ಡ್ ಕೊಟ್ಟೇ ಕೊಡುತ್ತಾರೆ. ಅಪ್ಪನಿಗೆ ಮಂಪರು, ಪದೇ ಪದೇ ವಾಂತಿ, ಫಿಟ್ಸ್ ಏನಾದರೂ ಶುರುವಾದರೆ ತಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

ಗೆಡ್ಡೆ ತೆಗೆಯದಿರುವುದಕ್ಕೂ ಕಾರಣ ಇದೆ. ಈ ಕಣಗಳು ಸ್ಕ್ಯಾನ್‌ನಲ್ಲಿ ಕಾಣುವ ಜಾಗದಾಚೆಗೂ ಹರಡಿರುತ್ತವೆ, ಕೆಲವರಲ್ಲಿ ಕಣ್ಣಿನೊಳಗೂ ಇರುತ್ತವೆ. ಅದಕ್ಕೇ ಕಣ್ಣಿನ ಪರೀಕ್ಷೆ, ಬೆನ್ನಿನ ನೀರಿನ ಪರೀಕ್ಷೆ, ಇಡೀ ದೇಹದ ಪೆಟ್ ಸ್ಕ್ಯಾನ್ ಎಲ್ಲ ಕೇಳುತ್ತಾರೆ. ಎಚ್‌ಐವಿ ಪರೀಕ್ಷೆಯನ್ನೂ ಕೇಳುತ್ತಾರೆ, ಗಾಬರಿಯಾಗಬೇಡಿ.

ಮುಖ್ಯ ಔಷಧಿ ಮೆಥೋಟ್ರೆಕ್ಸೇಟ್, ಅದೂ ಭಾರೀ ಡೋಸ್‌ನಲ್ಲಿ, ಸಾಮಾನ್ಯವಾಗಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 3 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ. ರಕ್ತದಿಂದ ಮೆದುಳಿಗೆ ಔಷಧಿ ಸುಲಭವಾಗಿ ದಾಟುವುದಿಲ್ಲ, ಅಷ್ಟು ಕೊಟ್ಟರೆ ಮಾತ್ರ ಸಾಕಷ್ಟು ತಲುಪುತ್ತದೆ. ಜೊತೆಗೆ ಡ್ರಿಪ್, ಮೂತ್ರ ಕ್ಷಾರೀಯವಾಗಿಡಲು ಸೋಡಾ ಬೈಕಾರ್ಬ್, ಮಾರನೇ ದಿನದಿಂದ ಮೆಥೋಟ್ರೆಕ್ಸೇಟ್‌ನ ವಿಷ ತಗ್ಗಿಸುವ ಲ್ಯೂಕೋವೊರಿನ್, ಮತ್ತೆ ಮತ್ತೆ ರಕ್ತಪರೀಕ್ಷೆ. ಮೂತ್ರಪಿಂಡ ಚೆನ್ನಾಗಿರಬೇಕು. ಆ ದಿನಗಳಲ್ಲಿ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ಕೆಲವು ಗ್ಯಾಸ್ಟ್ರಿಕ್ ಮಾತ್ರೆ ಕೂಡ ಕೇಳದೆ ಕೊಡಬೇಡಿ. ಬರೀ ವಯಸ್ಸಾಯಿತು ಅನ್ನುವ ಕಾರಣಕ್ಕೆ ಈ ಚಿಕಿತ್ಸೆ ಬೇಡ ಅಂತೇನಿಲ್ಲ. ಆದರೆ 60 ದಾಟಿದವರಿಗೆ ಇಡೀ ಮೆದುಳಿಗೆ ರೇಡಿಯೇಷನ್ ಕೊಟ್ಟರೆ ಮುಂದೆ ನೆನಪು, ನಡಿಗೆ ಹಾಳಾಗುವ ಸಾಧ್ಯತೆ ಹೆಚ್ಚು. ಆ ಮಾತು ಬಂದಾಗ ಬೇರೆ ದಾರಿ ಇದೆಯಾ ಅಂತ ಬಿಡದೆ ಕೇಳಿ.

ಇನ್ನೊಂದು ವಿಷಯ. ತಲೆನೋವಿಗೋ ಉಬ್ಬಸಕ್ಕೋ ಅಪ್ಪ ಈಗಾಗಲೇ ಎಲ್ಲಾದರೂ ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ತಗೊಂಡಿದ್ದರೆ ಬಯಾಪ್ಸಿಗೆ ಮುಂಚೆ ಸರ್ಜನ್‌ಗೆ ಹೇಳಿ, ಚೀಟಿ ಇದ್ದರೆ ತೋರಿಸಿ. ಆದರೆ ನೀವೇ ದಿಢೀರನೆ ನಿಲ್ಲಿಸಬೇಡಿ.