ಕೆಲಸಗಾರರೇ ಒಡೆಯರಾಗಿರುವ ದಿನಸಿ ಅಂಗಡಿಯ ಒಳ ವ್ಯವಸ್ಥೆ ಹೇಗಿರುತ್ತದೆ? ಗ್ರಾಹಕರಾಗಿ ಅದಕ್ಕೆ ಹೇಗೆ ನೆರವಾಗಬಹುದು?

ಹತ್ತಿರದ ದಿನಸಿ ಅಂಗಡಿಯನ್ನು ಅಲ್ಲಿ ಕೆಲಸ ಮಾಡುವವರೇ ಸೇರಿ ನಡೆಸುತ್ತಿದ್ದಾರೆ, ಅದು ಉಳಿಯಬೇಕು, ನಾವೇನು ಮಾಡಬೇಕು ಎಂದು ಕೇಳಿದ್ದೀರಿ. ಯಜಮಾನನೇ ಇಲ್ಲದೆ ಅಂಗಡಿ ನಡೆಯುವುದು ಹೇಗೆ ಎಂದೂ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಒಳಗಿನ ಲೆಕ್ಕ ಗೊತ್ತಿಲ್ಲದೆ ಒಳ್ಳೆಯ ಮನಸ್ಸಿನಿಂದ ಮಾಡುವ ಸಹಾಯವೂ ಎಷ್ಟೋ ಸಲ ಅಂಗಡಿಗೆ ಹೊರೆಯಾಗುತ್ತದೆ.

ಅಂಗಡಿ ನಿಜವಾಗಿ ಕೆಲಸಗಾರರದೇ ಎಂದು ಮೊದಲು ತಿಳಿದುಕೊಳ್ಳಿ. ಬೋರ್ಡಿನ ಮೇಲೆ 'ಸಹಕಾರಿ' ಎಂದು ಬರೆದಿದ್ದರೆ ಸಾಲದು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಜನ ಸೇರಿ ಕಟ್ಟಿದ ಪ್ರಸಿದ್ಧ ಸಂಘ ಗ್ರಾಹಕರ ಸಹಕಾರಿ. ಯಾರು ಎಷ್ಟು ಸಾಮಾನು ಕೊಂಡರೋ ಆ ಪ್ರಮಾಣದಲ್ಲಿ ಲಾಭ ಹಂಚುತ್ತಿದ್ದರು. ಆ ಪದ್ಧತಿಯಲ್ಲಿ ಕೌಂಟರಿನ ಹಿಂದೆ ನಿಂತವನು ಸಂಬಳದ ಆಳು. ನ್ಯೂಯಾರ್ಕಿನ ಪಾರ್ಕ್ ಸ್ಲೋಪ್ ಸಹಕಾರಿಯಲ್ಲಿ (1973) ಗ್ರಾಹಕ ಸದಸ್ಯರೇ ಪಾಳಿಯ ಮೇಲೆ ಬಂದು ದುಡಿಯುತ್ತಾರೆ, ಆದರೂ ಅದು ಗ್ರಾಹಕರ ಸಂಸ್ಥೆಯೇ. ಸ್ಯಾನ್ ಫ್ರಾನ್ಸಿಸ್ಕೋದ ರೈನ್‌ಬೋ ಗ್ರೋಸರಿ (1975), ಮ್ಯಾಂಚೆಸ್ಟರಿನ ಯೂನಿಕಾರ್ನ್ ಗ್ರೋಸರಿ (1996), ಓಕ್ಲೆಂಡಿನ ಮಂಡೇಲಾ ಗ್ರೋಸರಿ (2009) ಇವು ಕೆಲಸಗಾರರ ಸಹಕಾರಿಗಳು. ಮಿಶ್ರ ಮಾದರಿಯೂ ಇದೆ: ಸ್ಪೇನಿನ ಬಾಸ್ಕ್ ಪ್ರಾಂತ್ಯದಲ್ಲಿ 1969ರಲ್ಲಿ ಹುಟ್ಟಿದ ಎರೋಸ್ಕಿಯಲ್ಲಿ ಕೆಲಸಗಾರರಿಗೂ ಗ್ರಾಹಕರಿಗೂ ಆಡಳಿತದಲ್ಲಿ ಸಮಪಾಲು.

ನಿಮ್ಮ ಅಂಗಡಿ ಯಾವ ಬಗೆಯದೆಂದು ತಿಳಿಯಲು ಮೂರು ವಿಷಯ ಕೇಳಿದರೆ ಸಾಕು. ಆಡಳಿತ ಮಂಡಳಿಗೆ ವೋಟು ಹಾಕುವವರು ಯಾರು? ಕೆಲಸ ಮಾಡುವವರಲ್ಲಿ ಎಷ್ಟು ಜನ ಸದಸ್ಯರು? ಉಳಿದ ಹಣವನ್ನು ಷೇರಿನ ಲೆಕ್ಕದಲ್ಲಿ ಹಂಚುತ್ತಾರೋ ದುಡಿದ ಗಂಟೆಗಳ ಲೆಕ್ಕದಲ್ಲೋ? ಒಬ್ಬರಿಗೆ ಒಂದೇ ವೋಟು, ಬಹುಪಾಲು ಕೆಲಸಗಾರರು ಸದಸ್ಯರು, ಹಂಚಿಕೆ ಗಂಟೆಗಳ ಲೆಕ್ಕದಲ್ಲಿ ಎಂದಾದರೆ ಅದು ಕೆಲಸಗಾರರದು. ಐದು ಜನ ಪಾಲುದಾರರು ಇಪ್ಪತ್ತು ಜನ ಸಂಬಳದವರನ್ನು ಇಟ್ಟುಕೊಂಡಿದ್ದರೆ ಅದು ಮಾಮೂಲಿ ಪಾಲುದಾರಿಕೆ ಅಂಗಡಿ, ಹೆಸರು ಏನೇ ಇರಲಿ.

ಇನ್ನು ಒಳ ವ್ಯವಸ್ಥೆ. ಹೊಸಬರು ಸೇರಿದ ದಿನವೇ ಸದಸ್ಯರಾಗುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಪರೀಕ್ಷಾವಧಿ ಇರುತ್ತದೆ, ಆಮೇಲೆ ಉಳಿದ ಸದಸ್ಯರು ವೋಟು ಹಾಕಿ ತೆಗೆದುಕೊಳ್ಳುತ್ತಾರೆ. ಸದಸ್ಯರಾಗುವವರು ಒಂದು ಷೇರು ಕೊಳ್ಳಬೇಕು, ಎಲ್ಲರಿಗೂ ಒಂದೇ ಬೆಲೆ. ಕೈಯಲ್ಲಿ ದುಡ್ಡಿಲ್ಲದವರಿಗೆ ಸಂಬಳದಲ್ಲಿ ಕಂತುಕಂತಾಗಿ ಹಿಡಿದುಕೊಳ್ಳುವ ಏರ್ಪಾಡು ಇರಲೇಬೇಕು, ಇಲ್ಲದಿದ್ದರೆ ಮನೆಯಲ್ಲಿ ಕಾಸಿದ್ದವರಷ್ಟೇ ಒಡೆಯರಾಗುತ್ತಾರೆ. ಪರೀಕ್ಷಾವಧಿಯನ್ನು ಸಂಕೋಚಕ್ಕೆ ಬಿದ್ದು ಸಡಿಲ ಬಿಟ್ಟ ಸಂಘಗಳು ಆಮೇಲೆ ತುಂಬಾ ಒದ್ದಾಡುತ್ತವೆ. ಕೆಲಸ ಮಾಡದ ಆಳನ್ನು ಕಳಿಸುವುದು ಒಂದು ಮಾತು, ಕೆಲಸ ಮಾಡದ ಒಡೆಯನನ್ನು ಕಳಿಸುವುದು ಬೇರೆಯೇ ಮಾತು. ಯಾವ ಕಾರಣಕ್ಕೆ, ಎಷ್ಟು ಎಚ್ಚರಿಕೆಯ ನಂತರ, ಎಷ್ಟು ವೋಟಿನಿಂದ ಸದಸ್ಯತ್ವ ರದ್ದಾಗುತ್ತದೆ ಎಂಬುದು ಬೈಲಾದಲ್ಲಿ, ಅಂದರೆ ಸಂಘದ ಲಿಖಿತ ನಿಯಮಗಳಲ್ಲಿ, ಮೊದಲ ದಿನದಿಂದ ಇರಬೇಕು. ಜಗಳ ಶುರುವಾದ ಮೇಲೆ ಬರೆಯಲು ಕೂತರೆ ಪ್ರತಿ ಸಾಲೂ ಒಬ್ಬ ವ್ಯಕ್ತಿಯ ಮೇಲಿನ ಠರಾವಾಗುತ್ತದೆ.

ಉಳಿಕೆ ಹಣದ ಹಂಚಿಕೆಯನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ, ನಾಣ್ಯ ಯಾವುದಾದರೂ ಇರಲಿ. ವರ್ಷದ ಕೊನೆಗೆ ಸಂಬಳ, ಬಾಡಿಗೆ, ತೆರಿಗೆ ಎಲ್ಲ ಕಳೆದು 2,40,000 ಉಳಿಯಿತು ಎನ್ನಿ. ಅದರಲ್ಲಿ ಶೇ. 40, ಅಂದರೆ 96,000, ಯಾರ ಹೆಸರಿಗೂ ಸೇರದ ಸಾಮೂಹಿಕ ಮೀಸಲಿಗೆ ಹೋಗುತ್ತದೆ. ಉಳಿದದ್ದು 1,44,000. ಸದಸ್ಯರೆಲ್ಲ ಸೇರಿ ವರ್ಷದಲ್ಲಿ 24,000 ಗಂಟೆ ದುಡಿದಿದ್ದರೆ ಗಂಟೆಗೆ 6 ಬಂತು. ಪೂರ್ತಿ ವರ್ಷ 2,000 ಗಂಟೆ ದುಡಿದವರ ಪಾಲು 12,000, ಅರ್ಧ ದಿನದ ಕೆಲಸದವರದು 6,000. ಇದನ್ನೂ ಒಟ್ಟಿಗೆ ಕೈಗೆ ಕೊಡುವುದಿಲ್ಲ. ಅರ್ಧ ನಗದಾಗಿ ಕೊಟ್ಟು ಉಳಿದರ್ಧವನ್ನು ಅವರವರ ಹೆಸರಿನ ಬಂಡವಾಳ ಖಾತೆಗೆ ಬರೆದು, ಐದಾರು ವರ್ಷದ ಮೇಲೆ ಹಳೆಯದರಿಂದ ಶುರುಮಾಡಿ ತೀರಿಸುತ್ತಾ ಹೋಗುತ್ತಾರೆ. ಅಷ್ಟು ಕಾಲ ಆ ಹಣ ಅಂಗಡಿಯ ದುಡಿಯುವ ಬಂಡವಾಳ. ನಷ್ಟವಾದ ವರ್ಷ ಅದನ್ನು ಮೊದಲು ಮೀಸಲಿನಿಂದ ತುಂಬಿಸಬೇಕೋ, ಖಾತೆಗಳಿಂದಲೂ ಕಳೆಯಬೇಕೋ ಎಂಬುದೂ ಬೈಲಾದಲ್ಲಿ ಇರಬೇಕು.

ಅಂಗಡಿ ಮುಳುಗುವ ಅಪಾಯ ಇಲ್ಲೂ ಇದೆ. ಮೂರ್ನಾಲ್ಕು ಹಳೆಯ ಸದಸ್ಯರು ಒಂದೇ ವರ್ಷ ಬಿಟ್ಟುಹೋದರೆ, ಅವರ ಖಾತೆಯ ಹಣವನ್ನೆಲ್ಲ ಒಮ್ಮೆಗೇ ಕೊಡಬೇಕೆಂದಿದ್ದರೆ, ಸ್ಟಾಕು ತರುವ ದುಡ್ಡೇ ಖಾಲಿ. ಆದ್ದರಿಂದ ಬಿಟ್ಟುಹೋದವರಿಗೆ ಕಂತುಗಳಲ್ಲಿ ಕೊಡುವ ಅವಧಿ ಮತ್ತು 'ಮೀಸಲು ಇಂತಿಷ್ಟಕ್ಕಿಂತ ಕೆಳಗಿಳಿದರೆ ಆ ವರ್ಷ ಪಾವತಿ ಇಲ್ಲ' ಎಂಬ ನಿಯಮ ಎರಡೂ ಬೇಕು. ಅಂಗಡಿ ಮುಚ್ಚಿದರೂ ಸಾಮೂಹಿಕ ಮೀಸಲನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಇನ್ನೊಂದು ಸಹಕಾರಿಗೆ ಹೋಗಬೇಕು ಎಂಬ ಷರತ್ತು ನನ್ನ ದೃಷ್ಟಿಯಲ್ಲಿ ಅತಿ ಮುಖ್ಯ. ಅದಿಲ್ಲದಿದ್ದರೆ ಜಾಗದ ಬೆಲೆ ಏರಿದ ದಿನ, ಮಾರಿ ಹಂಚಿಕೊಳ್ಳೋಣ ಎಂಬ ಮಾತು ಬಂದೇ ಬರುತ್ತದೆ.

ಆಡಳಿತದ ರೀತಿ ಸದಸ್ಯರ ಸಂಖ್ಯೆಯ ಮೇಲೆ ನಿಂತಿದೆ. ಹತ್ತು ಹನ್ನೆರಡು ಜನರಿದ್ದರೆ ಎಲ್ಲರೂ ವಾರಕ್ಕೊಮ್ಮೆ ಕೂತು ತೀರ್ಮಾನಿಸಬಹುದು. ಇಪ್ಪತ್ತು ದಾಟಿದರೆ ಆ ಪದ್ಧತಿ ಒಡೆಯುತ್ತದೆ. ಆಗ ಚುನಾಯಿತ ಮಂಡಳಿ ಬೇಕು, ದಿನದ ಕೆಲಸ ವಿಭಾಗಗಳಿಗೆ ಹಂಚಬೇಕು. ರೈನ್‌ಬೋದಲ್ಲಿ ಪ್ರತಿ ವಿಭಾಗವೂ ತನ್ನ ಖರೀದಿ, ಪಾಳಿ, ನೇಮಕಾತಿಯನ್ನು ತಾನೇ ನೋಡಿಕೊಳ್ಳುತ್ತದೆ. ಎಲ್ಲರೂ ಸೇರಿ ತೀರ್ಮಾನಿಸಬೇಕಾದವು ಕೆಲವೇ: ವರ್ಷದ ಬಜೆಟ್ಟು, ಸಂಬಳದ ಪದ್ಧತಿ, ಹೊಸ ಸದಸ್ಯರು, ದೊಡ್ಡ ಸಾಲ, ಬೈಲಾ ತಿದ್ದುಪಡಿ. ಈರುಳ್ಳಿ ಎಷ್ಟು ಮೂಟೆ ತರಿಸಬೇಕೆಂಬುದು ಸಭೆಗೆ ಬಂದರೆ ಅಂಗಡಿಯ ಕಥೆ ಮುಗಿಯಿತು. ಅದು ಒಬ್ಬರ ಜವಾಬ್ದಾರಿ, ಅವರ ಹೆಸರು ಎಲ್ಲರಿಗೂ ಗೊತ್ತಿರಬೇಕು, ಕೊಳೆತು ಎಸೆದದ್ದರ ಲೆಕ್ಕ ಅವರ ಮುಂದೆ ವಾರವಾರವೂ ಬರಬೇಕು. ಎಲ್ಲರೂ ಒಡೆಯರು ಎಂದರೆ ಯಾವ ಕೆಲಸಕ್ಕೂ ಯಾರೂ ಹೊಣೆಯಲ್ಲ ಎಂದಾಗಬಾರದು. ಸಭೆಗೆ ಬಂದ ಗಂಟೆಗಳಿಗೂ ಸಂಬಳ ಕೊಡಬೇಕು. ಕೊಡದಿದ್ದರೆ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರಲಾಗದವರು ಸಭೆ ತಪ್ಪಿಸುತ್ತಾರೆ, ಬಿಡುವಿದ್ದ ನಾಲ್ಕು ಜನರ ಮಾತೇ ನಿಯಮವಾಗುತ್ತದೆ.

ಈಗ ವ್ಯಾಪಾರದ ಲೆಕ್ಕ. ದಿನಸಿ ವ್ಯಾಪಾರದಲ್ಲಿ ಕೊನೆಗೆ ಉಳಿಯುವುದು ಮಾರಾಟದ ಶೇ. 1ರಿಂದ 3 ಮಾತ್ರ. 100ಕ್ಕೆ ಮಾರಿದ್ದರಲ್ಲಿ 70 ಮಾಲಿಗೇ ಹೋಗುತ್ತದೆ ಎಂದಿಟ್ಟುಕೊಳ್ಳಿ. ಉಳಿದ 30ರಲ್ಲಿ ಸಂಬಳ, ಬಾಡಿಗೆ, ಕರೆಂಟು, ಫ್ರಿಜ್ಜಿನ ರಿಪೇರಿ, ಕಾರ್ಡಿನ ಕಮಿಷನ್ನು, ಡ್ಯಾಮೇಜು ಎಲ್ಲ ಆಗಬೇಕು. ಹೊಸ ಅಂಗಡಿಗಳು ಮಾಡುವ ಮಾಮೂಲಿ ತಪ್ಪೊಂದಿದೆ: ಶೇ. 30 ಮಾರ್ಜಿನ್ (ಮಾರಿದ ಬೆಲೆಯಲ್ಲಿ ಮಾಲಿನ ಬೆಲೆ ಕಳೆದು ಉಳಿಯುವ ಪಾಲು) ಬೇಕೆಂದು ಕೊಂಡ ಬೆಲೆಯ ಮೇಲೆ ಶೇ. 30 ಸೇರಿಸುವುದು. 100ಕ್ಕೆ ತಂದದ್ದನ್ನು 130ಕ್ಕೆ ಮಾರಿದರೆ ಮಾರ್ಜಿನ್ ಸಿಕ್ಕುವುದು ಶೇ. 23 ಮಾತ್ರ. ಶೇ. 30 ಬೇಕಾದರೆ 100ನ್ನು 0.70ರಿಂದ ಭಾಗಿಸಿ 143ಕ್ಕೆ ಮಾರಬೇಕು. ಈ ಏಳು ಪರ್ಸೆಂಟು ತಪ್ಪಿದರೆ ಅಂಗಡಿ ತುಂಬ ಜನರಿದ್ದೂ ತಿಂಗಳ ಕೊನೆಗೆ ಗಲ್ಲಾ ಖಾಲಿ.

ಇದೇ ಲೆಕ್ಕವನ್ನು ನೀವು ಕೇಳುವ ರಿಯಾಯಿತಿಗೆ ಹಚ್ಚಿ ನೋಡಿ. 70ಕ್ಕೆ ತಂದು 100ಕ್ಕೆ ಮಾರುವ ಸಾಮಾನಿಗೆ ಶೇ. 10 ಬಿಟ್ಟರೆ ಅಂಗಡಿಗೆ 30ರ ಬದಲು 20 ಸಿಗುತ್ತದೆ. ಮೊದಲಿನಷ್ಟೇ ಹಣ ಉಳಿಯಬೇಕಾದರೆ ಒಂದೂವರೆ ಪಟ್ಟು ಸಾಮಾನು ಮಾರಬೇಕು. ಬೆಂಬಲಿಗರಿಗೆ ಕಾಯಂ ರಿಯಾಯಿತಿ ಎಂಬ ಯೋಜನೆ ಎಷ್ಟೋ ಸಲ ಅತಿ ನಿಷ್ಠೆಯ ಗ್ರಾಹಕರ ಕೈಯಿಂದಲೇ ಅಂಗಡಿಯನ್ನು ಸೊರಗಿಸುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ತಪ್ಪದೆ ಕೊಳ್ಳುವುದು. ಬೇರೆಲ್ಲೂ ಸಿಗದ ಒಂದು ವಸ್ತುವಿಗಾಗಿ ಅಲ್ಲಿಗೆ ಹೋಗಿ ತಿಂಗಳ ಅಕ್ಕಿ, ಬೇಳೆ, ಎಣ್ಣೆ, ಸೋಪನ್ನು ದೊಡ್ಡ ಸೂಪರ್‌ಮಾರ್ಕೆಟ್ಟಿನಿಂದ ತರುವುದು ಬೆಂಬಲವಲ್ಲ. ಬಾಡಿಗೆ, ಪಾಳಿ, ಫ್ರಿಜ್ಜು ಅಷ್ಟೇ ಇರುವಾಗ ನೀವು ಹೆಚ್ಚಿಗೆ ಕೊಳ್ಳುವ ಪ್ರತಿ ನೂರರಲ್ಲಿ ಮಾಲಿನ ಬೆಲೆ ಕಳೆದದ್ದು ಹೆಚ್ಚುಕಡಿಮೆ ಪೂರ್ತಿ ಅಂಗಡಿಗೆ ನಿಲ್ಲುತ್ತದೆ. ಕೆಡದ ಸಾಮಾನಿಗೆ ತಿಂಗಳ ಪಟ್ಟಿಯನ್ನು ಮುಂಚೆಯೇ ಕೊಟ್ಟರೆ ಇನ್ನೂ ಒಳ್ಳೆಯದು. ಅಷ್ಟನ್ನೇ ಸಗಟಿನಲ್ಲಿ ತರಿಸುತ್ತಾರೆ, ಕಪಾಟಿನಲ್ಲಿ ಹಣ ಕಟ್ಟಿಹಾಕಿಕೊಳ್ಳಬೇಕಿಲ್ಲ. ಮುಂಗಡ ಪಟ್ಟಿಗೆ ಅವರೇ ಸ್ವಲ್ಪ ಬೆಲೆ ಇಳಿಸಿದರೆ ಅದು ನ್ಯಾಯವಾದ ರಿಯಾಯಿತಿ, ಅವರಿಗೂ ಖರ್ಚು ಉಳಿದಿರುತ್ತದೆ.

ನಿಮ್ಮ ಕಚೇರಿ, ಶಾಲೆ, ಹಾಸ್ಟೆಲಿನ ಆರ್ಡರನ್ನು ಅಲ್ಲಿಗೆ ತಿರುಗಿಸಬಲ್ಲಿರಾದರೆ ಅದರ ಬಲ ನೂರಾರು ಮನೆಗಳಷ್ಟು. ಆದರೆ ಬಿಲ್ಲು ಹೊತ್ತಿಗೆ ಸರಿಯಾಗಿ ತೀರಿಸುವಂತೆ ನೋಡಿಕೊಳ್ಳುವ ಹೊಣೆಯೂ ನಿಮ್ಮದೇ. ಸಗಟು ವ್ಯಾಪಾರಿಗೆ ಎರಡು ವಾರದಲ್ಲಿ ಹಣ ಕೊಡಬೇಕಾದ ಅಂಗಡಿಗೆ ಸಂಸ್ಥೆಯೊಂದು ಮೂರು ತಿಂಗಳು ಬಾಕಿ ಉಳಿಸಿದರೆ, ಲಾಭದಲ್ಲಿದ್ದೂ ಅದು ಬಾಗಿಲು ಹಾಕಬಹುದು.

ಬಿಟ್ಟಿ ಕೆಲಸ ಮಾಡಿಕೊಡುವುದು ಬೇಡ. ಸಾಮಾನು ಜೋಡಿಸಲು, ಗಲ್ಲಾದಲ್ಲಿ ಕೂರಲು ಸ್ವಯಂಸೇವಕರು ಬಂದರೆ ಸದಸ್ಯರ ಗಂಟೆ ಕಡಿಮೆಯಾಗುತ್ತದೆ, ಕಾರ್ಮಿಕ ಕಾನೂನಿನ ತೊಡಕೂ ಬರಬಹುದು. ಅವರಲ್ಲಿ ಇಲ್ಲದ ಕಸುಬು ನಿಮ್ಮಲ್ಲಿದ್ದರೆ ಕೊಡಿ: ಲೆಕ್ಕಪತ್ರ ನೋಡುವುದು, ಬಾಡಿಗೆ ಕರಾರು ಓದಿ ಹೇಳುವುದು, ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ವಿಭಾಗವಾರು ಮಾರಾಟದ ಪಟ್ಟಿ ತೆಗೆದುಕೊಡುವುದು. ಇಂಥ ನೆರವಿಗೂ ಶುರು ಮತ್ತು ಕೊನೆ ಇರಲಿ. ಸಲಹೆ ಕೊಟ್ಟದ್ದಕ್ಕೆ ಆಡಳಿತದಲ್ಲಿ ಮಾತು ಕೇಳಬೇಡಿ, ಮಿಶ್ರ ಮಾದರಿಯ ಸಂಘವಲ್ಲದಿದ್ದರೆ ಅಲ್ಲಿ ವೋಟು ಅವರದ್ದು ಮಾತ್ರ. ತರಕಾರಿ ಬಾಡಿದ್ದರೆ, ಬಿಲ್ಲು ತಪ್ಪಿದ್ದರೆ ಸುಮ್ಮನೆ ಬೇರೆ ಅಂಗಡಿಗೆ ಹೋಗದೆ ಆ ವಿಭಾಗದವರಿಗೇ ಹೇಳಿ. ತಿದ್ದುವ ಅಧಿಕಾರವಿರುವ ಮನುಷ್ಯ ನಿಮ್ಮೆದುರಿಗೇ ನಿಂತಿರುವುದು ಈ ಬಗೆಯ ಅಂಗಡಿಯ ದೊಡ್ಡ ಅನುಕೂಲ.

ದೊಡ್ಡ ಬೆಂಬಲವೆಂದರೆ ಸಾಲ. ಕೆಲಸಗಾರರ ಸಹಕಾರಿಗೆ ಹೊರಗಿನವರ ಷೇರು ಹಣ ಬಂದರೆ ಒಡೆತನ ಕದಲುವ ಭಯ, ಬ್ಯಾಂಕಿಗೆ ಹೋದರೆ ಆಸ್ತಿಯ ಖಾತರಿ ಕೇಳುತ್ತಾರೆ. ಆದ್ದರಿಂದ ಗ್ರಾಹಕರಿಂದ ನಿಗದಿತ ಅವಧಿಗೆ, ನಿಗದಿತ ಬಡ್ಡಿಗೆ, ವೋಟಿಲ್ಲದ ಸಾಲಪತ್ರಗಳ ಮೂಲಕ ಹಣ ಎತ್ತುತ್ತಾರೆ. ಯೂನಿಕಾರ್ನ್ ತನ್ನ ಕಟ್ಟಡವನ್ನು 2003ರಲ್ಲಿ ಕೊಂಡದ್ದು ಹೀಗೆ ಗ್ರಾಹಕರ ಸಾಲದ ನೆರವಿನಿಂದ. ಬಾಡಿಗೆ ಏರಿಕೆಯಿಂದ ಅಂಗಡಿಯನ್ನು ಉಳಿಸಲು ಇದಕ್ಕಿಂತ ಗಟ್ಟಿಯಾದ ದಾರಿ ನನಗೆ ಕಾಣುವುದಿಲ್ಲ.

ಆದರೆ ಪ್ರೀತಿಯಿಂದ ಕಣ್ಣು ಮುಚ್ಚಿ ಕೊಡಬೇಡಿ. ಮೂರು ವರ್ಷದ ಲೆಕ್ಕಪತ್ರ ಕೇಳಿ. ಹಣ ಯಾವುದಕ್ಕೆಂದು ಕೇಳಿ: ಕಟ್ಟಡ, ಫ್ರಿಜ್ಜು, ಸ್ಟಾಕಿಗಾದರೆ ಸರಿ, ಬಾಕಿ ಸಂಬಳಕ್ಕಾದರೆ ಅದು ಅಪಾಯದ ಗುರುತು. ಇನ್ನೊಂದು ಅಂಗಡಿಯನ್ನು ಕೊಳ್ಳುವುದಕ್ಕಾದರೆ ಅಲ್ಲಿಯ ಕೆಲಸಗಾರರಿಗೆ ಸದಸ್ಯತ್ವ ಯಾವಾಗ ಎಂದು ಕೇಳಿ. ಇಂಥ ಖರೀದಿಯ ಸಾಲವೂ ಭಾರವಾಗಬಹುದು: ಎರೋಸ್ಕಿ 2007ರಲ್ಲಿ ಕಪ್ರಾಬೊ ಎಂಬ ಸೂಪರ್‌ಮಾರ್ಕೆಟ್ ಸರಣಿಯನ್ನು ಕೊಂಡು ವರ್ಷಗಟ್ಟಲೆ ಸಾಲದ ಭಾರ ಹೊತ್ತಿತು. ಅಂಗಡಿ ಮುಚ್ಚಿದರೆ ಹಣ ಯಾವ ಸರದಿಯಲ್ಲಿ ವಾಪಸ್ಸು ಎಂಬುದನ್ನು ಪತ್ರದಲ್ಲೇ ಓದಿ. ಸಾಮಾನ್ಯವಾಗಿ ಸಂಬಳ, ತೆರಿಗೆ, ಬ್ಯಾಂಕು, ಸಗಟಿನವರು ತೀರಿದ ಮೇಲೆ ನಿಮ್ಮ ಸರದಿ. ಅವಧಿಗೆ ಮುಂಚೆ ವಾಪಸ್ಸು ಕೇಳಬಹುದೇ, ಎಲ್ಲರ ಪತ್ರವೂ ಒಂದೇ ವರ್ಷ ಮುಗಿಯುತ್ತದೆಯೇ ಎಂದು ವಿಚಾರಿಸಿ. ಎಲ್ಲ ಒಂದೇ ವರ್ಷಕ್ಕೆ ಮುಗಿಯುವಂತಿದ್ದರೆ ಮೂರು, ಐದು, ಏಳು ವರ್ಷಗಳಿಗೆ ಹಂಚಿ ಮಾಡಿಸಿ ಎಂದು ಅವರಿಗೆ ಹೇಳಿ, ಆಮೇಲೆ ಸಹಿ ಹಾಕಿ.