ಕರೆಂಟ್ ಕೊಟ್ಟರೆ ಕಿವಿ ಕೇಳಿಸುತ್ತದೆಯೇ?

ಪ್ರಶ್ನೆ: ನಮ್ಮ ತಂದೆಗೆ ಕೆಲವು ವರ್ಷಗಳಿಂದ ಎರಡೂ ಕಿವಿ ಕೇಳಿಸುವುದಿಲ್ಲ. ಹಿಯರಿಂಗ್ ಏಡ್ ಹಾಕಿದರೂ ಮಾತು ತಿಳಿಯುವುದಿಲ್ಲ. ಕಿವಿಗೆ ಸಣ್ಣಗೆ ಕರೆಂಟ್ ಕೊಟ್ಟರೆ ಮತ್ತೆ ಕೇಳಿಸುತ್ತದೆ ಅಂತಾರೆ, ನಿಜವೇ? ಹೊರಗಿನಿಂದಲೇ ಕರೆಂಟ್ ಕೊಡುವ ಯಂತ್ರ ತರಿಸಬಹುದೇ?

ಉತ್ತರ: ಕರೆಂಟಿನ ಮಾತು ನಿಜ. ಆದರೆ ಹೊರಗಿನ ಯಂತ್ರಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಬ್ಯಾಟರಿ ಕಂಡುಹಿಡಿದ ಇಟಲಿಯ ವೋಲ್ಟಾ ಎರಡೂ ಕಿವಿಗೆ ಲೋಹದ ಕಡ್ಡಿ ತೂರಿಸಿಕೊಂಡು ತನ್ನದೇ ಬ್ಯಾಟರಿಗೆ ಜೋಡಿಸಿಕೊಂಡಿದ್ದ. ತಲೆಯೊಳಗೆ ಹೊಡೆತ ಬಿದ್ದಂತಾಯಿತು, ಆಮೇಲೆ ಏನೋ ಮಂದವಾದದ್ದು ಕೊತಕೊತ ಕುದಿಯುವಂಥ ಸದ್ದು ಬಂತು ಅಂತ 1800ರಲ್ಲಿ ಬರೆದಿದ್ದಾನೆ. ಆದರೆ ಅವನಿಗೆ ಕಿವಿ ಕೇಳುತ್ತಿತ್ತು, ನೆನಪಿರಲಿ. (ನೀವು ಮನೆಯಲ್ಲಿ ಮಾಡಿ ನೋಡಬೇಡಿ, ಅಪಾಯ.)

ನಿಮ್ಮ ತಂದೆಯಂಥವರಲ್ಲಿ ತೊಂದರೆ ಇರುವುದು ಹೆಚ್ಚಾಗಿ ಒಳಕಿವಿಯಲ್ಲಿ. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾದಲ್ಲಿ ಸುಮಾರು 15,000 ರೋಮಕೋಶಗಳಿರುತ್ತವೆ, ಸದ್ದಿನ ಅಲುಗಾಟವನ್ನು ನರಕ್ಕೆ ದಾಟಿಸುವುದು ಅವೇ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಿಯರಿಂಗ್ ಏಡ್ ಸದ್ದು ಜೋರು ಮಾಡುತ್ತದೆ, ಅಷ್ಟೇ. ದಾಟಿಸುವವರೇ ಇಲ್ಲದಿದ್ದರೆ ಜೋರು ಮಾಡಿ ಏನು ಬಂತು, ಅಲ್ವಾ? ಪುಣ್ಯಕ್ಕೆ, ಕೋಶ ಹೋದರೂ ಎಷ್ಟೋ ಜನರಲ್ಲಿ ನರ ಉಳಿದಿರುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ನೇರ ಆ ನರಕ್ಕೇ ಕರೆಂಟ್ ಮುಟ್ಟಿಸುತ್ತದೆ. ಅದಕ್ಕೇ ಆಪರೇಷನ್ ಬೇಕು: ತೆಳ್ಳಗಿನ ಎಲೆಕ್ಟ್ರೋಡ್ ಎಳೆಯನ್ನು ಕಾಕ್ಲಿಯಾದೊಳಗೆ ಇಳಿಸುತ್ತಾರೆ, ಮೈಕ್ ಇರುವ ಪ್ರೊಸೆಸರ್ ಹೊರಗೆ ಕಿವಿಯ ಮೇಲೆ ಕೂರುತ್ತದೆ. ಬುಡದ ಎಲೆಕ್ಟ್ರೋಡ್‌ಗೆ ಕರೆಂಟ್ ಹೋದರೆ ಕೀಚಲು ಸ್ವರ, ಒಳತುದಿಯದಕ್ಕೆ ಹೋದರೆ ದಪ್ಪ ಸ್ವರ. 1957ರಲ್ಲಿ ಪ್ಯಾರಿಸ್‌ನಲ್ಲಿ ಜೂರ್ನೋ, ಏರಿಯೆಸ್ ಎಂಬಿಬ್ಬರು ನರಕ್ಕೆ ಕರೆಂಟ್ ಕೊಟ್ಟಾಗ ರೋಗಿಗೆ ಸದ್ದಿನ ಲಯ ತಿಳಿಯಿತು, ಮಾತು ಬಿಡಿಸಿಕೊಳ್ಳಲು ಮಾತ್ರ ಆಗಲಿಲ್ಲ. ಹಲವು ಎಲೆಕ್ಟ್ರೋಡ್‌ಗಳ ಸಾಧನವನ್ನು 1978ರಲ್ಲಿ ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ ಅಳವಡಿಸಿದ ಮೇಲೆ ಆ ದಾರಿಯೂ ತೆರೆಯಿತು.

ಆನ್ ಮಾಡಿದ ದಿನವೇ ಮೊದಲಿನ ಕಿವಿ ವಾಪಸ್ ಬರುತ್ತದೆ ಅಂದುಕೊಳ್ಳಬೇಡಿ. ಮೊದಮೊದಲು ಬೀಪ್ ಬೀಪ್ ಸದ್ದು, ಕಾರ್ಟೂನ್ ದನಿ. ಮಿದುಳು ಕಲಿಯಲು ತಿಂಗಳುಗಳು ಹಿಡಿಯುತ್ತವೆ, ಮನೆಯವರು ದಿನಾ ಕೂತು ಮಾತಾಡಬೇಕು. ಕಿವುಡು ಹಳೆಯದಾದಷ್ಟೂ ಕಷ್ಟ ಜಾಸ್ತಿ. ತಡಮಾಡದೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ, ಶ್ರವಣ ಪರೀಕ್ಷೆ, ಸ್ಕ್ಯಾನ್ ಮಾಡಿಸಿ.

ಪ್ರಶ್ನೆ: ಇಂಪ್ಲಾಂಟ್ ಹಾಕಿಸಿದರೆ ಸಂಗೀತ ಕೇಳಬಹುದೇ?

ಉತ್ತರ: ತಾಳ ಚೆನ್ನಾಗಿ ಸಿಗುತ್ತದೆ, ರಾಗ ಸಿಗುವುದು ಕಷ್ಟ. ಸಾವಿರಾರು ಕೋಶಗಳ ಕೆಲಸವನ್ನು 12ರಿಂದ 22 ಎಲೆಕ್ಟ್ರೋಡ್ ಮಾಡಬೇಕಲ್ಲ! ಇನ್ನೊಂದು ಕಿವಿ ಸ್ವಲ್ಪವಾದರೂ ಕೇಳುತ್ತಿದ್ದರೆ ಅದಕ್ಕೆ ಹಿಯರಿಂಗ್ ಏಡ್ ಬಿಡಬೇಡಿ, ದಪ್ಪ ಸ್ವರಗಳು ಆ ಕಡೆಯಿಂದ ಬಂದರೆ ಹಾಡು ಎಷ್ಟೋ ವಾಸಿ ಅನ್ನಿಸುತ್ತದೆ.