ಕೇಳ್ರಿ, ಹೇಳ್ತೀನಿ: ಅರ್ಧಕ್ಕ ನಿಂತ ಪೈಪ್‌ಲೈನು, ಅರ್ಧಕ್ಕ ನಿಂತ ಕಮಾನು

ಪ್ರಶ್ನೆ: ಸರ, ನಾವು 22 ಮಂದಿ ರೈತರು ಕೂಡಿ ಘಟಪ್ರಭಾ ಹೊಳಿಯಿಂದ ನಮ್ಮ ಮಡ್ಡಿ ಹೊಲಕ್ಕ ನಾಕು ಕಿಲೋಮೀಟರ್ ಪೈಪ್‌ಲೈನ್ ಹೋದ ವರ್ಷ ಚಾಲೂ ಮಾಡಿದ್ವಿ. 60 ಲಕ್ಷದಾಗ ಮುಗಿತೈತಿ ಅಂತ ಲೆಕ್ಕ ಹಾಕಿದ್ವಿ, ಈಗ ರೊಕ್ಕ ಪೂರಾ ಖಾಲಿ, ಪೈಪ್ ಎರಡೂವರಿ ಕಿಲೋಮೀಟರಿಗೇ ನಿಂತೈತಿ. ನಡುವ ಒಬ್ಬರು ತಮ್ಮ ಹೊಲದಾಗ ಹಾದು ಹೋಗಾಕ ಬಿಡವಲ್ರು. "ಪ್ಲ್ಯಾನ್ ಮಾಡ್ಕೋತ ಕುಂತಿದ್ರ ಇಷ್ಟೂ ಆಗ್ತಿರ್ಲಿಲ್ಲ" ಅಂತ ನಮ್ಮೊಳಗ ಕೆಲವರ ವಾದ. ಖರೇ ಏನ್ರಿ? ಮುಂದೇನ್ ಮಾಡೂದು?
– ಒಬ್ಬ ರೈತ, ಮುಧೋಳ ತಾಲೂಕು

ಉತ್ತರ: "ಇಷ್ಟೂ ಆಗ್ತಿರ್ಲಿಲ್ಲ" ಅನ್ನೋರಿಗೆ ಕೇಳ್ರಿ, ಈಗ ಆಗಿದ್ದರ ಏನು? ಎರಡೂವರಿ ಕಿಲೋಮೀಟರ್ ಪೈಪ್ ಮಣ್ಣಾಗ ಐತಿ, ಮಡ್ಡಿಗೆ ಒಂದ್ ತಂಬಗಿ ನೀರು ಹತ್ತಿಲ್ಲ. ರಸ್ತೆ ಅರ್ಧ ಆದ್ರ ಆದಷ್ಟರ ಮ್ಯಾಲೆ ಚಕ್ಕಡಿ ಓಡ್ತಾವು, ಪೈಪ್‌ಲೈನ್ ಹಂಗಲ್ಲ, ಕಡೀ ಪೈಪ್ ಜೋಡಿಸೂತನಕ ಅದು ಸೊನ್ನಿ. ಇಂಥ ಕೆಲಸಕ್ಕ ಕೈ ಹಚ್ಚೂಕಿಂತ ಮೊದಲ ಜಾಸ್ತಿ ಕುಂದರಬೇಕು.

ನಿಮ್ಮನ್ನ ಬೈಯೂದಕ್ಕ ಹೇಳವಲ್ಲೆ, ದೊಡ್ಡ ದೊಡ್ಡವ್ರೇ ಹಿಂಗ ಬಿದ್ದಾರ. ಆಸ್ಟ್ರೇಲಿಯಾದ ಸಿಡ್ನಿ ಒಪೆರಾ ಹೌಸ್ ಫೋಟೋದಾಗ ನೋಡಿರ್ತೀರಿ, ಬಿಳೀ ಚಿಪ್ಪಿನಂಗ ಛಾವಣಿ. 1959ರಾಗ ಕೆಲಸ ಚಾಲೂ ಮಾಡಿದಾಗ ಆ ಛಾವಣಿ ಹೆಂಗ ನಿಲ್ತೈತಿ ಅನ್ನೋದು ಯಾರಿಗೂ ಪಕ್ಕಾ ಇರಲಿಲ್ಲ, ಆದ್ರೂ ಅವಸರದಾಗ ತಳಪಾಯ ಹಾಕಿಬಿಟ್ರು. ಮುಂದ ಛಾವಣಿ ಲೆಕ್ಕ ಸಿಕ್ಕಾಗ ಕೆಳಗಿನ ಕಂಬಕ್ಕ ಆ ಭಾರ ತಡಿಯೂ ತಾಕತ್ತಿಲ್ಲಂತ ಗೊತ್ತಾಗಿ ಮತ್ತ ಹೊಸದಾಗಿ ಕಟ್ಟಿದ್ರು. 70 ಲಕ್ಷ ಡಾಲರ್, ನಾಕು ವರ್ಷ ಅಂದಿದ್ದು 10 ಕೋಟಿ 20 ಲಕ್ಷ ಡಾಲರ್, 14 ವರ್ಷ ಆತು, ಉದ್ಘಾಟನೆ ಆಗಿದ್ದು 1973ಕ್ಕ. ಅದಕ್ಕ ಉಲ್ಟಾ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗ್, 102 ಅಂತಸ್ತು. ಎಷ್ಟು ಕಬ್ಬಿಣ, ಯಾವ ದಿನ ಯಾವ ಅಂತಸ್ತಿಗೆ ಯಾವ ಲಾರಿ ಅಂತ ಮೊದಲ ಕಾಗದದಾಗ ಬರಕೊಂಡ್ರು, ಆಮ್ಯಾಲೆ 1930ರ ಮಾರ್ಚಿಗೆ ಹಿಡಿದು 1931ರ ಮೇ 1ಕ್ಕ ಬಾಗಲಾ ತೆಗದ್ರು, ಹಾಕಿದ್ದ ರೊಕ್ಕದಾಗ ಉಳಿಸಿದ್ರು ಬ್ಯಾರೆ.

ಡೆನ್ಮಾರ್ಕಿನ ಬೆಂಟ್ ಫ್ಲಿವ್‌ಬ್ಯರ್ಗ್ ಅನ್ನೋ ಪ್ರೊಫೆಸರ್ ಜಗತ್ತಿನ 16,000ಕ್ಕೂ ಹೆಚ್ಚು ಪ್ರಾಜೆಕ್ಟ್ ಲೆಕ್ಕ ಕೂಡಿಸಿ ನೋಡ್ಯಾರ. ಹೇಳಿದ ರೊಕ್ಕ, ಹೇಳಿದ ಟೈಮ್ ಎರಡರಾಗೂ ಮುಗಿದಾವು ನೂರಕ್ಕ ಎಂಟೂವರಿ ಅಷ್ಟ. ಅಂದ್ರ ನಿಮ್ಮ 22 ಮಂದಿ ಬಹಳ ದೊಡ್ಡ ಜಾತ್ರ್ಯಾಗ ಕೂಡೀರಿ.

ಈಗ ಆ 60 ಲಕ್ಷಕ್ಕ ಬರೂಣು. ಆ ಲೆಕ್ಕ ಯಾರ್ ಹಾಕಿದ್ರು? ನನ್ನ ಅಂದಾಜು, ಕಟ್ಟಿ ಮ್ಯಾಲೆ ಚಹಾ ಕುಡಕೋತ ಪೈಪಿಗೆ ಇಷ್ಟು, ಜೆಸಿಬಿಗೆ ಇಷ್ಟು, ಮೋಟಾರಿಗೆ ಇಷ್ಟು ಅಂತ ಕೂಡಿಸಿರ್ತೀರಿ, ಎಲ್ಲಾ ಸುಸೂತ್ರ ಆದ್ರ ಎಷ್ಟಾಗ್ತೈತೋ ಅಷ್ಟು. ಈ ತಪ್ಪಿಗೆ ಕಾನಮನ್ ಮತ್ತ ಟ್ವೆರ್ಸ್ಕಿ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು 1979ರಾಗನ ಹೆಸರಿಟ್ಟಾರ. ಮದ್ದೂ ಅವ್ರೇ ಹೇಳ್ಯಾರ, ನಿಮ್ಮ ಕೆಲಸಾನ ನೋಡ್ಕೋತ ಅಂದಾಜು ಹಾಕಬ್ಯಾಡ್ರಿ, ಅಂಥದ್ದ ಕೆಲಸ ಮೊದಲ ಮಾಡಿದವ್ರಿಗೆ ಎಷ್ಟಾತು ಕೇಳ್ರಿ. ನಿಮ್ಮ ಸುತ್ತ ಹೊಳಿಯಿಂದ ಮಡ್ಡಿಗೆ ನೀರು ಎತ್ತಿದ ಊರು ಕಮ್ಮಿ ಏನ್ರಿ? ಮೂರು ಊರಿಗೆ ಹೋಗಿ "ಹಾಕಿದ್ದೆಷ್ಟು, ಆಗಿದ್ದೆಷ್ಟು" ಅಂತ ಕೇಳಿದ್ರ ಸಾಕಿತ್ತು, ಮೋಟಾರ್‌ಸೈಕಲ್ಲಿಗೆ 300 ರೂಪಾಯಿ ಪೆಟ್ರೋಲ್.

ನಾನೂ ಓವರ್‌ಸಿಯರ್ ಆಗಿದ್ದಾಗ ಒಂದ್ ಕಾಲುವಿ ಎಸ್ಟಿಮೇಟಿಗೆ ಮ್ಯಾಲೆ ಕಾಣೂ ಎರಿಮಣ್ಣ ನೋಡಿ ಪೂರಾ ಮಣ್ಣ ಅಗತೀ ರೇಟ್ ಹಚ್ಚಿದ್ದೆ. ಎರಡು ಫೂಟ್ ಕೆಳಗ ಕಲ್ಲು! ಬ್ರೇಕರ್ ತರಿಸಿದ್ವಿ, ನಾಕು ಪಟ್ಟು ಆತು, ಸಾಹೇಬ್ರ ಮುಂದ ನಿಂತಾಗ ನನ್ನ ಮಾರಿ ನೋಡಬೇಕಿತ್ತು. ಉಳದ ಒಂದೂವರಿ ಕಿಲೋಮೀಟರ್‌ದಾಗ ನೂರು ನೂರು ಮೀಟರಿಗೆ ಒಂದ್ ಗುಂಡಿ ತೋಡಿಸಿ ನೋಡ್ರಿ, ಒಂದ್ ದಿನದ ಕೆಲಸ.

ಇನ್ನೊಂದು, ರೊಕ್ಕ ಉಳಸಾಕ ಅಂತ 8 ಇಂಚಿನ ಬದಲಿ 6 ಇಂಚಿನ ಪೈಪ್ ಹಾಕೂ ವಿಚಾರ ಯಾರರ ತೆಗದ್ರ ಕೈ ಮುಗದು ಕುಂದರಸ್ರಿ. ಅಷ್ಟೇ ನೀರು 6 ಇಂಚಿನಾಗ ಹೋಗಬೇಕಂದ್ರ ತಿಕ್ಕಾಟ ಸುಮಾರು ನಾಕು ಪಟ್ಟು ಆಗ್ತೈತಿ, ಪೈಪಿನಾಗ ಉಳಿದ ರೊಕ್ಕ ದೊಡ್ಡ ಮೋಟಾರು, ಟಿಸಿಗೆ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಹೋಗ್ತೈತಿ, ಇಲ್ಲಂದ್ರ ಮ್ಯಾಲಿನ ಹೊಲದವ ಬರೇ ಗಾಳಿ ಕುಡೀತಾನ.

ಹಾದಿ ಬಿಡದವ್ರ ವಿಷಯ. ನೀವು ಪೈಪ್ ತಂದ ಮ್ಯಾಲೆ ಅವ್ರ ಬಾಗಲಿಗೆ ಹೋಗೀರಿ, ಆಗ ಅವ್ರ ಕೈ ಮ್ಯಾಲಾತು. ಪೈಪ್ ಖರೀದಿ ಮಾಡೂಕಿಂತ ಮೊದಲ ಹೋಗಿದ್ರ ಹಾದಿ ಬದಲಸೂ ಅವಕಾಶ ನಿಮ್ಮ ಕೈಯಾಗಿರ್ತಿತ್ತು. ಬಾಗಲಕೋಟಿ–ಕುಡಚಿ ರೈಲ್ವೆ ಲೈನ್ 142 ಕಿಲೋಮೀಟರ್, 2010ರ ಸುಮಾರಿನಿಂದ ನಡದೈತಿ, ಜಾಗದ ತೊಡಕು ಎಷ್ಟು ವರ್ಷ ತಿಂತು ಅನ್ನೋದು ಈ ಭಾಗದವ್ರಿಗೆ ನಾ ಹೇಳಬೇಕಿಲ್ಲ. ಈಗ ನೀವು ಮಾಡೂದಿಷ್ಟ: ಒಂದ್ ಮೀಟರ್ ಸೈತ ಅಗಿಯಬ್ಯಾಡ್ರಿ. ಅವ್ರನ್ನ 23ನೇ ಪಾಲುದಾರ ಮಾಡ್ಕೋರಿ, ಅವ್ರ ಹೊಲಕ್ಕೂ ಒಂದ್ ವಾಲ್ವ್ ಕೊಡ್ರಿ, ಬಾಂಡ್ ಪೇಪರಿನ ಮ್ಯಾಲೆ ಬರಸ್ರಿ. ಒಪ್ಪಲಿಲ್ಲಂದ್ರ ಸುತ್ತಿನ ಹಾದಿ ಅಳತಿ ಮಾಡ್ರಿ. ಪೂರಾ ರೊಕ್ಕ ಬ್ಯಾಂಕಿಗೆ ಬಂದ ಮ್ಯಾಲೆ ಕಬ್ಬು ಹೋಗಿ ಹೊಲ ಖಾಲಿ ಇದ್ದಾಗ ಒಂದೇ ದಮ್ಮಿಗೆ ಮುಗಸ್ರಿ, ಮಳಿ ಬಂದ್ರ ಎರ್ಯಾಗ ಜೆಸಿಬಿ ಇಳಿಯೂದಿಲ್ಲ.

ಆಗೂದಿಲ್ಲ ಅಂತ ಮಾತ್ರ ಅನಬ್ಯಾಡ್ರಿ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ ಹತ್ರ ಕೃಷ್ಣಾ ಹೊಳಿಗೆ ರೈತರು ತಮ್ಮ ರೊಕ್ಕ, ತಮ್ಮ ರಟ್ಟಿ ಹಾಕಿ 1989ರಾಗ ಬ್ಯಾರೇಜ ಕಟ್ಯಾರ, ಶ್ರಮಬಿಂದು ಸಾಗರ. ಮುಂದ ನಿಂತ ಸಿದ್ದು ನ್ಯಾಮಗೌಡ್ರಿಗೆ ಮಂದಿ "ಬ್ಯಾರೇಜ ಸಿದ್ದು" ಅಂತನ ಹೆಸರಿಟ್ರು. ಮುಧೋಳದಿಂದ ದೂರ ಏನಿಲ್ಲ, 22 ಮಂದೀನೂ ಒಂದ್ ಟ್ರಿಪ್ ಹೋಗಿ ಅಲ್ಲಿ ವಯಸ್ಸಾದವ್ರ ಜೋಡಿ ಮಾತಾಡಿ ಬರ್ರಿ.

ಪ್ರಶ್ನೆ: ಗೋಳಗುಮ್ಮಟ ಪೂರ್ತಿ ಆತು, ಬಾರಾಕಮಾನ್ ಯಾಕ ಅರ್ಧಕ್ಕ ನಿಂತು? ಪ್ಲ್ಯಾನ್ ಸರಿ ಇರಲಿಲ್ಲ ಏನ್ರಿ?
– ಕಾಲೇಜು ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಛಲೋ ಕೇಳಿದಿ ತಂಗಿ. ಕಮಾನು ನೋಡಿದ್ರ ಕಟ್ಟಿದವ್ರ ಕೈ ಕಚ್ಚಾ ಅನಸೂದಿಲ್ಲ, ಇವತ್ತಿಗೂ ಮ್ಯಾಲೆ ಛಾವಣಿ ಇಲ್ಲದ ನಿಂತಾವು. ಗೋಳಗುಮ್ಮಟ ಕಟ್ಟಿಸಿದ ಮೊಹಮ್ಮದ್ ಆದಿಲ್ ಶಾಹನ ಕೈಯಾಗ 1627ರಿಂದ 1656ರ ತನಕ ರಾಜ್ಯ ಇತ್ತು, ಖಜಾನೆ ಇತ್ತು, 44 ಮೀಟರ್ ಅಗಲದ ಗುಮ್ಮಟ ಕೂಡಿಸಾಕ ಪುರುಸೊತ್ತಿತ್ತು. ಬಾರಾಕಮಾನ್ ತನ್ನ ಗೋರಿ ಅಂತ ಕಟ್ಟಸಾಕ ಹಿಡಿದ ಮಗ ಎರಡನೇ ಅಲಿಗೆ ಸಿಕ್ಕಿದ್ದು 16 ವರ್ಷ, ಒಂದ್ ಕಡೆ ಶಿವಾಜಿ, ಇನ್ನೊಂದ್ ಕಡೆ ಮೊಗಲರು. 1672ರಾಗ ಅಂವ ತೀರಿದ, ಪಟ್ಟಕ್ಕ ಬಂದ ಸಿಕಂದರ್ ಸಣ್ಣ ಹುಡುಗ, 1686ಕ್ಕ ಔರಂಗಜೇಬ ಊರ ತಗೊಂಡ. ಗೋರಿ ಕಟ್ಟೂ ಹುಕುಂ ಕೊಡೂ ಮನಷ್ಯಾನ ಗೋರ್‍ಯಾಗ ಮಲಗಿದ ಮ್ಯಾಲೆ ಕಲ್ಲಿಗೆ ರೊಕ್ಕ ಯಾರ್ ಕೊಡ್ತಾರ? ಮುಧೋಳದ ಅಣ್ಣಾರ, ಇದನ್ನ ನೀವೂ ಓದ್ರಿ, ನಿಮ್ಮ ಪೈಪ್‌ಲೈನ್ ಲೆಕ್ಕದ ವಹಿ ಒಬ್ಬನ ಮನ್ಯಾಗ ಇಡಬ್ಯಾಡ್ರಿ.

ಪ್ರಶ್ನೆ: ಮನಿ ಕಟ್ಟಾಕ ಹತ್ತೀವಿ. "ಡ್ರಾಯಿಂಗ್ ಯಾಕ, ಕಟ್ಕೋತ ನೋಡೂಣು" ಅಂತಾನ ಮೇಸ್ತ್ರಿ. ನಂಬಬಹುದಾ?
– ಗೃಹಿಣಿ, ಬೆಳಗಾವಿ

ಉತ್ತರ: ಅಂವಗ ಒಂದೇ ಕೇಳ್ರಿ ಅಕ್ಕಾರ, ಜಿನಿ ಹತ್ತೂವಾಗ ತಲಿ ಬೀಮಿಗೆ ಬಡೀತೈತೋ ಇಲ್ಲೋ ಅಂತ. "ಬಡಿಯೂದಿಲ್ಲ ಬಿಡ್ರಿ" ಅಂದ್ರ ಬ್ಯಾರೆ ಮೇಸ್ತ್ರಿನ ನೋಡ್ರಿ, "ತಡೀರಿ, ಅಳತಿ ಹಚ್ಚಿ ಹೇಳ್ತೀನಿ" ಅಂದ್ರ ಚಹಾ ಕೊಟ್ಟು ಕುಂದರಸ್ಕೋರಿ.